ಪದಚರ್ಚೆ: ಮ್ಯಾಟ್‌ಪ್ಲಾಟ್‌ಲಿಬ್‌ನ ‘ಆಕ್ಸೀಸ್’ಗೆ ‘ಮನೆ’ ಅನ್ನಬಹುದಾ?

ಎಲ್ಲರಿಗೂ ನಮಸ್ಕಾರ,

ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಗ್ರಾಫ್ ಬಿಡಿಸಲು ಬಳಸುವ ಮ್ಯಾಟ್‌ಪ್ಲಾಟ್‌ಲಿಬ್ ಬಗ್ಗೆ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ದೊಡ್ಡ ಪುಸ್ತಕವೇನಲ್ಲ, ‘ಹೀಗಾದರೆ ಹೀಗೆ ಮಾಡಿ’ ಅನ್ನುವ ಥರದ್ದು. ಕನ್ನಡ ಮಾಧ್ಯಮದಲ್ಲಿ ಓದಿ ಬಿಎಸ್ಸಿಗೋ ಕೃಷಿ ಪದವಿಗೋ ಸೇರಿದವರು ಇದರ ಓದುಗರು. ಅವರು ಸಿಕ್ಕಿಹಾಕಿಕೊಳ್ಳುವುದು ಎರಡು ಜಾಗದಲ್ಲಿ: ಮೊದಲು ಇನ್‌ಸ್ಟಾಲ್ ಮಾಡುವಾಗ, ಆಮೇಲೆ ಚಿತ್ರದ ಜೋಡಣೆಯಲ್ಲಿ. ಮೊದಲನೆಯದಕ್ಕೆ ಪದಗಳು ಹೇಗೋ ಸಿಗುತ್ತವೆ. ಎರಡನೆಯದರಲ್ಲಿ ಒಂದೇ ಒಂದು ಪದ ಇಡೀ ಅಧ್ಯಾಯವನ್ನು ತಡೆದು ನಿಲ್ಲಿಸಿದೆ, ಅದಕ್ಕೇ ಈ ಪತ್ರ.

ಪದ ‘ಆಕ್ಸೀಸ್’. ಶಾಲೆಯಲ್ಲಿ ಎಕ್ಸ್ ಅಕ್ಷ, ವೈ ಅಕ್ಷ ಅಂತ ಎಲ್ಲರೂ ಕಲಿತಿದ್ದೇವೆ. ಇಂಗ್ಲಿಷಿನ ಆಕ್ಸಿಸ್ ಅಂದರೆ ಅಕ್ಷ, ಆಕ್ಸೀಸ್ ಅದರ ಬಹುವಚನ. ಗಣಿತಕ್ಕೆ ಇಷ್ಟು ಸಾಕು. ಆದರೆ ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ ಆಕ್ಸೀಸ್ ಬಹುವಚನವೇ ಅಲ್ಲ, ಒಂದು ವಸ್ತುವಿನ ಹೆಸರು. ಗೆರೆ, ಚುಕ್ಕೆ, ಕಂಬ ಎಲ್ಲ ಮೂಡುವ ಆ ಆಯತ, ಅದರ ಅಕ್ಷಗಳು, ಅದರ ತಲೆಬರಹ, ಎಲ್ಲವೂ ಸೇರಿ ಒಂದು ಆಕ್ಸೀಸ್. ಅದರೊಳಗೆ ಆಕ್ಸಿಸ್ ಅನ್ನುವ ಬೇರೆಯೇ ವಸ್ತು ಎರಡಿರುತ್ತವೆ, ಮೂರು ಆಯಾಮದ ಚಿತ್ರವಾದರೆ ಮೂರು. ಇಷ್ಟನ್ನೂ ಹೊತ್ತಿರುವ ಇಡೀ ಚಿತ್ರದ ಹೆಸರು ಫಿಗರ್.

ಆಕ್ಸೀಸ್ ಅನ್ನುವ ಈ ಹೆಸರು ಮ್ಯಾಟ್‌ಲ್ಯಾಬ್ ಅನ್ನುವ ಗಣಿತ ಲೆಕ್ಕದ ತಂತ್ರಾಂಶದ ಕಡೆಯಿಂದ ಬಂದದ್ದು. ಮ್ಯಾಟ್‌ಪ್ಲಾಟ್‌ಲಿಬ್ ಕಟ್ಟಿದ ಜಾನ್ ಹಂಟರ್ ನರವಿಜ್ಞಾನಿಯಾಗಿದ್ದರು. ಮೂರ್ಛೆರೋಗ ಇರುವವರ ಮಿದುಳಿನ ವಿದ್ಯುತ್ ಸಂಕೇತಗಳನ್ನು ತೆರೆಯ ಮೇಲೆ ನೋಡುವುದು ಅವರ ಕೆಲಸದ ಭಾಗವಾಗಿತ್ತು. ಮ್ಯಾಟ್‌ಲ್ಯಾಬ್‌ನಿಂದ ಪೈಥಾನ್‌ಗೆ ಬಂದಾಗ ಅದೇ ಮಾದರಿಯ ಗ್ರಾಫ್ ಸಲಕರಣೆ ತಾವೇ ಕಟ್ಟಿ 2003ರಲ್ಲಿ ಬಿಡುಗಡೆ ಮಾಡಿದರು. ಹಾಗಾಗಿ ಮ್ಯಾಟ್‌ಲ್ಯಾಬ್‌ನ ಹೆಸರುಗಳೂ ಜೊತೆಗೇ ಬಂದವು. ಇಂಗ್ಲಿಷ್ ಬಲ್ಲವರೇ ಇದರಲ್ಲಿ ಗೊಂದಲಕ್ಕೆ ಬೀಳುತ್ತಾರೆ, ಇನ್ನು ನಮ್ಮ ಹುಡುಗರ ಮಾತೇನು.

ಈಗ ‘ಅಕ್ಷಗಳ ನಡುವೆ ಜಾಗ ಸಾಲದೆ ಅಕ್ಷರಗಳು ಒಂದರ ಮೇಲೊಂದು ಬಿದ್ದಿವೆ’ ಅಂತ ಬರೆದೆ ಅಂದುಕೊಳ್ಳಿ. ಓದುವವರು ಎಕ್ಸ್ ಅಕ್ಷಕ್ಕೂ ವೈ ಅಕ್ಷಕ್ಕೂ ನಡುವೆ ಎಂಥ ಜಾಗ ಅಂತ ಕೇಳುತ್ತಾರೆ. ಎರಡೂ ಮೂಲಬಿಂದುವಿನಲ್ಲಿ ಸೇರುತ್ತವೆ, ಅಲ್ವಾ? ಸರಿ, ಇಂಗ್ಲಿಷ್ ಪದವನ್ನೇ ಇಡೋಣ ಅಂದರೆ ಅದೂ ಆಗುವುದಿಲ್ಲ. ಕನ್ನಡದಲ್ಲಿ ಬರೆದಾಗ ಆಕ್ಸಿಸ್, ಆಕ್ಸೀಸ್ ಎರಡಕ್ಕೂ ಇರುವ ವ್ಯತ್ಯಾಸ ಒಂದು ದೀರ್ಘ ಅಷ್ಟೆ. ಓದುವ ವೇಗದಲ್ಲಿ ಅದು ಯಾರ ಕಣ್ಣಿಗೂ ಬೀಳುವುದಿಲ್ಲ, ಮುದ್ರಣದಲ್ಲಿ ತಪ್ಪಿದರಂತೂ ಮುಗಿಯಿತು.

‘ಚೌಕಟ್ಟು’ ಮೊದಲು ಹೊಳೆಯುವ ಪದ. ಆದರೆ ಆ ಆಯತದ ನಾಲ್ಕು ಅಂಚಿನ ಗೆರೆಗಳಿಗೆ ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ ಸ್ಪೈನ್ ಅಂತ ಬೇರೆ ಹೆಸರಿದೆ, ಮೇಲಿನದನ್ನೂ ಬಲಗಡೆಯದನ್ನೂ ತೆಗೆದುಹಾಕುವುದು ಬಹಳ ಜನರ ಅಭ್ಯಾಸ. ‘ಚೌಕಟ್ಟು ತೆಗೆಯಿರಿ’ ಅಂತ ಓದಿ ಒಬ್ಬರು ಇಡೀ ಗ್ರಾಫನ್ನೇ ತೆಗೆದುಬಿಟ್ಟರೆ? ‘ಕಣ’ ಚೆನ್ನಾಗಿದೆ, ಕುಸ್ತಿ ಕಣ, ಚುನಾವಣಾ ಕಣ ಎಲ್ಲರಿಗೂ ಗೊತ್ತು. ಆದರೆ ಭೌತಶಾಸ್ತ್ರದವರಿಗೆ ಕಣ ಅಂದರೆ ಎಲೆಕ್ಟ್ರಾನು, ಪ್ರೋಟಾನು. ‘ಅಂಕಣ’ ನನಗೆ ಬಹಳ ಇಷ್ಟವಾಯಿತು, ಹಳೆ ಮನೆಗಳನ್ನು ಇಷ್ಟು ಅಂಕಣದ ಮನೆ ಅಂತಲೇ ಅಳೆಯುತ್ತಿದ್ದರು. ಆದರೆ ಇಂದಿನ ಓದುಗರಿಗೆ ಅಂಕಣ ಅಂದರೆ ಪತ್ರಿಕೆಯ ಕಾಲಂ. ಇದೇ ಕೈಪಿಡಿಯಲ್ಲಿ ದತ್ತಾಂಶದ ಕಾಲಂಗಳೂ ಬರುತ್ತವೆ, ಎರಡೂ ಒಂದೇ ವಾಕ್ಯದಲ್ಲಿ ಬಂದರೆ ಗತಿ ಕೆಟ್ಟಿತು.

ಕೊನೆಗೆ ಉಳಿದದ್ದು ‘ಮನೆ’. ಚದುರಂಗದಲ್ಲಿ ಕುದುರೆ ಮನೆ ಬದಲಿಸುತ್ತದೆ, ಚೌಕಾಬಾರದಲ್ಲಿ ಕಾಯಿ ಇಷ್ಟು ಮನೆ ಮುಂದೆ ಹೋಗುತ್ತದೆ. ಆ ಆಟಕ್ಕೇ ಕಟ್ಟೆಮನೆ ಅನ್ನುವ ಹೆಸರಿರುವ ಕಡೆಯೂ ಇದೆ. ಅಂದರೆ ಒಂದು ಹಾಳೆಯಲ್ಲಿ ಗೆರೆ ಎಳೆದು ಮಾಡಿದ ಖಾನೆಗೆ ಮನೆ ಅನ್ನುವುದು ನಮಗೆ ಹೊಸದಲ್ಲ. ಫಿಗರ್‌ಗೆ ಹಾಳೆ, ಆಕ್ಸೀಸ್‌ಗೆ ಮನೆ, ಆಕ್ಸಿಸ್‌ಗೆ ಹಳೆಯ ಅಕ್ಷವೇ. ಕೈಪಿಡಿಯ ಒಂದು ಭಾಗವನ್ನು ಹೀಗೆ ಬರೆದು ನೋಡಿದೆ:

‘ಹಾಳೆಯನ್ನು ಎರಡು ಸಾಲು ಮಾಡಿ, ಸಾಲಿಗೆ ಮೂರು ಮನೆ. ಒಂದೇ ಮನೆ ಕೇಳಿದರೆ ಸಬ್‌ಪ್ಲಾಟ್ಸ್ ಆಜ್ಞೆ ನಿಮಗೆ ಆ ಮನೆಯನ್ನೇ ಕೊಡುತ್ತದೆ. ಆರು ಕೇಳಿದರೆ ಮನೆಗಳ ಸರಣಿ ಕೊಡುತ್ತದೆ. ಆ ಸರಣಿಗೇ ‘ಪ್ಲಾಟ್ ಮಾಡು’ ಅಂದರೆ ನಮ್‌ಪೈ ಅರೇಗೆ (ಪೈಥಾನ್‌ನಲ್ಲಿ ಸಂಖ್ಯೆಗಳ ಲೆಕ್ಕಕ್ಕೆ ಬಳಸುವ ನಮ್‌ಪೈ ಪ್ಯಾಕೇಜಿನ ಸರಣಿಗೆ) ಪ್ಲಾಟ್ ಅನ್ನುವ ಗುಣವಿಲ್ಲ ಅಂತ ದೋಷ ಬರುತ್ತದೆ. ಯಾವ ಮನೆ ಅಂತ ಹೇಳಿ. ಸರಣಿಯಲ್ಲಿ ಎಣಿಕೆ ಸೊನ್ನೆಯಿಂದ ಶುರು. ಹಳೆ ಶೈಲಿಯ ಸಬ್‌ಪ್ಲಾಟ್ ಆಜ್ಞೆಯಲ್ಲಿ ಮಾತ್ರ ಎಣಿಕೆ 1ರಿಂದ.’

ಓದಲು ತೊಡಕಿಲ್ಲ ಅನ್ನಿಸಿತು. ಇದನ್ನೇ ‘ಅಕ್ಷಗಳ ಸರಣಿ’ ಅಂತ ಬರೆದು ಓದಿ ನೋಡಿ, ವ್ಯತ್ಯಾಸ ಗೊತ್ತಾಗುತ್ತದೆ. ಜೊತೆಗೆ ಕೆಲಸ ಮಾಡುವವರೊಬ್ಬರ ಆಕ್ಷೇಪ ಏನೆಂದರೆ, ‘ಏಳನೇ ಮನೆಯಲ್ಲಿ ತೊಂದರೆ’ ಅಂತ ಬರೆದರೆ ಹುಡುಗರು ಪಂಚಾಂಗ ತೆಗೆಯುತ್ತಾರೆ! ಜಾತಕದ ಮನೆಗಳೂ ಚೌಕದೊಳಗಿನ ಖಾನೆಗಳೇ ಆದ್ದರಿಂದ ಅದು ನನ್ನ ಪರವಾದ ಸಾಕ್ಷಿ ಅಂತಲೇ ನನ್ನ ವಾದ.

ಇನ್ನು ಲೇಔಟ್, ಅಂದರೆ ಹಾಳೆಯಲ್ಲಿ ಮನೆಗಳನ್ನು ಕೂರಿಸುವ ಬಗೆ. ಬೆಂಗಳೂರಿನವರಿಗೆ ‘ಲೇಔಟ್ ಸಮಸ್ಯೆ’ ಅಂದರೆ ಖಾತೆ, ನೀರು, ರಸ್ತೆ. ಆಕ್ಸೀಸ್ ಮನೆಯಾದರೆ ಲೇಔಟ್ ನಿಜಕ್ಕೂ ಬಡಾವಣೆ ಆಗಿಬಿಡುತ್ತದೆ, ತಮಾಷೆ ಅಷ್ಟೆ. ‘ವಿನ್ಯಾಸ’ ಅಂದರೆ ಡಿಸೈನ್‌ಗೂ ಅದೇ ಪದ, ಬಣ್ಣ ಆರಿಸುವುದೂ ಅದರಲ್ಲೇ ಬರುತ್ತದೆ. ನಾನು ‘ಜೋಡಣೆ’ ಬಳಸುತ್ತಿದ್ದೇನೆ. ಕಷ್ಟ ಇರುವುದು ಅದರ ಎರಡು ಬಗೆಗಳಲ್ಲಿ: ಟೈಟ್ ಲೇಔಟ್, ಕನ್‌ಸ್ಟ್ರೇನ್ಡ್ ಲೇಔಟ್. ಮೊದಲೇ ಹಾಳೆ ಚಿಕ್ಕದು, ನೀವೇನೂ ಹೇಳದಿದ್ದರೆ 6.4 ಇಂಚು ಅಗಲ, 4.8 ಇಂಚು ಎತ್ತರ. ಅದರಲ್ಲಿ ಆರು ಮನೆ ಹಾಕಿ, ಪ್ರತಿ ಮನೆಯ ಕೆಳಗೆ ಜನವರಿಯಿಂದ ಡಿಸೆಂಬರ್‌ವರೆಗೆ ಪೂರ್ತಿ ಹೆಸರು ಬರೆದರೆ ಹೆಸರುಗಳು ಒಂದಕ್ಕೊಂದು ಅಂಟಿಕೊಳ್ಳದೆ ಏನು ಮಾಡುತ್ತವೆ? ಟೈಟ್ ಲೇಔಟ್ ಆಜ್ಞೆ ಕರೆದಾಗ ಒಂದು ಸಲ ಅಳತೆ ನೋಡಿ ಮನೆಗಳ ನಡುವಿನ ಜಾಗ ಸರಿಮಾಡುತ್ತದೆ. ಅದಾದ ಮೇಲೆ ನೀವು ತಲೆಬರಹ ಸೇರಿಸಿದರೆ ಅದಕ್ಕೆ ಲೆಕ್ಕವಿಲ್ಲ, ಆದ್ದರಿಂದ ಎಲ್ಲ ಬರೆದು ಮುಗಿಸಿ ಕೊನೆಗೆ ಕರೆಯಬೇಕು. ಕನ್‌ಸ್ಟ್ರೇನ್ಡ್ ಉಲ್ಟಾ. ಹಾಳೆ ತೆರೆಯುವಾಗಲೇ, ಮನೆಗಳನ್ನು ಹಾಕುವ ಮೊದಲೇ ಹೇಳಬೇಕು. ಚಿತ್ರ ಮೂಡುವ ಪ್ರತಿ ಸಲವೂ ಅದು ಅಳತೆ ನೋಡುತ್ತದೆ, ಪಕ್ಕದ ಬಣ್ಣದ ಪಟ್ಟಿ, ಸೂಚಿಗಳಿಗೂ (ಲೆಜೆಂಡ್) ಜಾಗ ಬಿಡುತ್ತದೆ. ‘ಬಿಗಿ ಜೋಡಣೆ’ ಮೊದಲನೆಯದಕ್ಕೆ ಹೊಂದುತ್ತದೆ. ಎರಡನೆಯದನ್ನು ‘ನಿರ್ಬಂಧಿತ ಜೋಡಣೆ’ ಅಂದರೆ ಯಾರೋ ಏನೋ ನಿಷೇಧಿಸಿದಂತಿದೆ. ‘ಹೊಂದಿಕೆ ಜೋಡಣೆ’ ಅಂದರೆ ಹೇಗೆ?

ಜಾಗದ ಪದಗಳಲ್ಲೂ ಒಂದು ತಿರುವಿದೆ. ಎರಡು ಮನೆ ನಡುವೆ ಬಿಟ್ಟ ಜಾಗಕ್ಕೆ ‘ಸಂದಿ’ ಸಾಕು. ಹಾಳೆಯ ಸುತ್ತ ಬಿಡುವ ಜಾಗಕ್ಕೆ ನಮ್ಮ ನೋಟ್‌ಬುಕ್‌ನ ಮಾರ್ಜಿನ್ ಅನ್ನೋಣ ಅಂದರೆ, ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ ಮಾರ್ಜಿನ್ ಅಂದರೆ ಮನೆಯ ಒಳಗೆ ಗೆರೆಗೂ ಅಂಚಿಗೂ ನಡುವೆ ಬಿಡುವ ಜಾಗ, ಸುಮ್ನೆ ಬಿಟ್ಟರೆ ಶೇಕಡಾ 5ರಷ್ಟು. ಹಾಗಾಗಿ ಹೊರಗಿನದಕ್ಕೆ ‘ಅಂಚು’, ಒಳಗಿನದಕ್ಕೆ ಮಾರ್ಜಿನ್ ಅಂತ ಸದ್ಯ ಇಟ್ಟುಕೊಂಡಿದ್ದೇನೆ. ಚಿತ್ರ ಉಳಿಸುವಾಗ ಅಂಚು ಕತ್ತರಿಸಿಹೋದರೆ ಬೌಂಡಿಂಗ್ ಬಾಕ್ಸ್ ಟೈಟ್ ಅನ್ನುವ ಆಯ್ಕೆ ಎಲ್ಲರೂ ಹೇಳುತ್ತಾರೆ. ಅದು ಕೆಲಸ ಮಾಡುತ್ತದೆ ನಿಜ, ಆದರೆ ಹಾಳೆಯ ಅಳತೆಯನ್ನೇ ಬದಲಿಸಿಬಿಡುತ್ತದೆ. ಪ್ರಬಂಧಕ್ಕೆ ಇಷ್ಟೇ ಇಂಚು ಅಗಲ ಬೇಕು ಅಂತ ಇದ್ದವರಿಗೆ ಅದನ್ನು ಹೇಳದೆ ಬಿಡುವುದು ಸರಿಯಲ್ಲ.

ಇನ್‌ಸ್ಟಾಲ್ ವಿಷಯ ಬೇಗ ಮುಗಿಸುತ್ತೇನೆ. ‘ಅನುಸ್ಥಾಪನೆ’ ಅಂತ ಲಿನಕ್ಸ್ ಅನುವಾದಗಳಲ್ಲಿ ಇದೆ, ಮಾತಿನಲ್ಲಿ ಯಾರೂ ಅನ್ನುವುದಿಲ್ಲ. ನಾನು ‘ಇನ್‌ಸ್ಟಾಲ್ ಮಾಡಿಕೊಳ್ಳಿ’ ಅಂತಲೇ ಬರೆಯುತ್ತೇನೆ. ಇಲ್ಲಿ ನನ್ನ ನಿಲುವು ಇಷ್ಟು: ದೋಷ ಸಂದೇಶದಲ್ಲಿ ಕಾಣುವ ಪದವನ್ನು ಅನುವಾದಿಸಬಾರದು, ಓದುವವರು ಅದನ್ನು ತೆರೆಯ ಮೇಲಿನದಕ್ಕೆ ಹೋಲಿಸಿ ನೋಡಬೇಕು. ಲಿನಕ್ಸ್‌ನ ಡೆಬಿಯನ್ 12ರಲ್ಲೋ, ಉಬುಂಟು 23.04 ಅಥವಾ ಅದರ ನಂತರದ್ದರಲ್ಲೋ ಪಿಪ್ (ಪೈಥಾನ್ ಪ್ಯಾಕೇಜುಗಳನ್ನು ಇನ್‌ಸ್ಟಾಲ್ ಮಾಡುವ ಸಲಕರಣೆ) ಬಳಸಿದರೆ ‘ಎಕ್ಸ್‌ಟರ್ನಲಿ ಮ್ಯಾನೇಜ್ಡ್’ ಅಂತ ನಿಲ್ಲಿಸುತ್ತದೆ. ಅದನ್ನು ‘ಬಾಹ್ಯವಾಗಿ ನಿರ್ವಹಿಸಲ್ಪಟ್ಟ’ ಅಂತ ಬರೆದು ಏನು ಪ್ರಯೋಜನ? ಮಾಡಬೇಕಾದ್ದು ವೆನ್ವ್ (ಪೈಥಾನ್ ಪ್ಯಾಕೇಜುಗಳಿಗೆ ಪ್ರತ್ಯೇಕ ಜಾಗ) ಮಾಡಿಕೊಂಡು ಅದರೊಳಗೆ ಇನ್‌ಸ್ಟಾಲ್ ಮಾಡುವುದು. ಇನ್‌ಸ್ಟಾಲ್ ಆದರೂ ‘ಮಾಡ್ಯೂಲ್ ಇಲ್ಲ’ ಅಂದರೆ ಬಹಳ ಸಲ ಕಂಪ್ಯೂಟರಿನಲ್ಲಿ ಎರಡು ಪೈಥಾನ್ ಇರುತ್ತವೆ, ಪಿಪ್ ಒಂದಕ್ಕೆ ಹಾಕಿದೆ, ನೀವು ಇನ್ನೊಂದನ್ನು ಓಡಿಸುತ್ತಿದ್ದೀರಿ. ಪಿಪ್ ಅನ್ನು ಆ ಪೈಥಾನ್ ಮೂಲಕವೇ ಕರೆಯಿರಿ. 2024ರ ಜೂನ್‌ನಲ್ಲಿ ನಮ್‌ಪೈ 2.0 ಬಂದ ಮೇಲೆ, ನಮ್‌ಪೈಯ ಹಿಂದಿನ 1.ಎಕ್ಸ್ ಆವೃತ್ತಿಗಳಿಗೆ ಕಟ್ಟಿದ ಹಳೆ ಮ್ಯಾಟ್‌ಪ್ಲಾಟ್‌ಲಿಬ್ ಅದರ ಜೊತೆ ಓಡುವುದಿಲ್ಲ, ಎರಡನ್ನೂ ಹೊಸದಕ್ಕೆ ತರಬೇಕು. ನಿಮ್ಮ ಸ್ವಂತ ಫೈಲಿಗೇ ಮ್ಯಾಟ್‌ಪ್ಲಾಟ್‌ಲಿಬ್ ಅಂತ ಹೆಸರಿಟ್ಟರೂ ಆಮದು (ಇಂಪೋರ್ಟ್) ಕೆಡುತ್ತದೆ, ಇದು ನಗು ಬರಿಸಿದರೂ ಪ್ರತಿ ತರಗತಿಯಲ್ಲೂ ಆಗುವಂಥದ್ದು.

ಬ್ಯಾಕೆಂಡ್, ಅಂದರೆ ಚಿತ್ರವನ್ನು ನಿಜಕ್ಕೂ ಬಿಡಿಸಿ ತೆರೆಗೋ ಫೈಲಿಗೋ ಕಳಿಸುವ ಭಾಗ, ಅದರ ಬಗ್ಗೆ ಮಾತ್ರ ಎರಡು ಮನಸ್ಸು. ಎಲ್ಲ ಸರಿಯಿದ್ದೂ ಕಿಟಕಿ ತೆರೆಯುವುದಿಲ್ಲ, ‘ಫಿಗರ್ ಕ್ಯಾನ್‌ವಾಸ್ ಆಗ್’ ತೋರಿಸಲು ಬರುವುದಿಲ್ಲ ಅನ್ನುವ ಎಚ್ಚರಿಕೆ ಬರುತ್ತದೆ. ಆಗ್ ಅನ್ನುವ ಬ್ಯಾಕೆಂಡ್ ಚಿತ್ರವನ್ನು ಫೈಲಿಗೆ ಬರೆಯಬಲ್ಲದು, ಕಿಟಕಿ ತೆರೆಯಲಾರದು. ಉಬುಂಟುವಿನಲ್ಲಿ ಕಿಟಕಿ ತೆರೆಯಲು ನೆರವಾಗುವ ಟಿಕೆ ಪ್ಯಾಕೇಜ್ ಹಾಕಿದರೆ ಸಾಮಾನ್ಯವಾಗಿ ಕಿಟಕಿ ಬರುತ್ತದೆ. ಈ ಬ್ಯಾಕೆಂಡ್‌ಗೆ ‘ಹಿನ್ನೆಲೆ’ ಅಂದರೆ ಹಿನ್ನೆಲೆಯ ಬಣ್ಣ ಅಂದುಕೊಳ್ಳುತ್ತಾರೆ. ಶಿರಸಿ ಕಡೆಯ ಗೆಳೆಯರೊಬ್ಬರು ಯಕ್ಷಗಾನದ ‘ಹಿಮ್ಮೇಳ’ ಸೂಚಿಸಿದರು, ಮುಂದೆ ಕುಣಿಯುವವರು ಬೇರೆ, ಹಿಂದೆ ನಡೆಸುವವರು ಬೇರೆ. ಕೇಳಲು ಸೊಗಸು. ಆದರೆ ನಮ್ಮ ಭಾಗವತರು ನಿಜದಲ್ಲಿ ಆಟ ನಡೆಸುತ್ತಾರೆ, ಆಗ್ ಹೇಳಿದ್ದನ್ನು ಬಿಡಿಸುತ್ತದೆ ಅಷ್ಟೆ. ಬ್ಯಾಕೆಂಡ್ ಅಂತಲೇ ಬಿಡುವುದು ವಾಸಿ ಅನ್ನಿಸುತ್ತದೆ.

ಕನ್ನಡದಲ್ಲೇ ತಲೆಬರಹ ಹಾಕುವವರಿಗೆ ಇನ್ನೊಂದು ಅಧ್ಯಾಯ ಇದೆ. ಮ್ಯಾಟ್‌ಪ್ಲಾಟ್‌ಲಿಬ್ ಜೊತೆ ಬರುವ ಡೆಜಾವು ಸ್ಯಾನ್ಸ್ ಫಾಂಟಿನಲ್ಲಿ ಕನ್ನಡ ಅಕ್ಷರ ಇಲ್ಲ. ‘ಕ’ ಬರೆದರೆ ಡಬ್ಬಿ ಕಾಣುತ್ತದೆ, ಜೊತೆಗೆ ‘ಗ್ಲಿಫ್ 3221 ಇಲ್ಲ’ ಅನ್ನುವ ಎಚ್ಚರಿಕೆ. 3221 ಅನ್ನುವುದು ಯೂನಿಕೋಡ್‌ನಲ್ಲಿ ‘ಕ’ದ ಸಂಖ್ಯೆ. ನೋಟೋ ಸ್ಯಾನ್ಸ್ ಕನ್ನಡ ಹಾಕಿ ಹೆಸರು ಕೊಟ್ಟರೆ ಡಬ್ಬಿ ಹೋಗುತ್ತದೆ, ಹೊಸ ಫಾಂಟ್ ಸಿಗದಿದ್ದರೆ ಹಳೆ ಫಾಂಟ್ ಪಟ್ಟಿಯ ಕ್ಯಾಶ್ ಅಳಿಸಬೇಕು. ಆದರೆ ಮ್ಯಾಟ್‌ಪ್ಲಾಟ್‌ಲಿಬ್‌ನ 3.10ರವರೆಗಿನ ಆವೃತ್ತಿಗಳು ಒತ್ತಕ್ಷರ ಕೂಡಿಸುವುದಿಲ್ಲ, ‘ಉಷ್ಣಾಂಶ’ ಹೋಗಿ ‘ಉಷ್‌ಣಾಂಶ’ ಆಗುತ್ತದೆ. ಎಂಪಿಎಲ್ ಕೈರೋ ಅನ್ನುವ ಬೇರೆ ಬ್ಯಾಕೆಂಡ್ ಇದನ್ನು ಸರಿಯಾಗಿ ಬಿಡಿಸಬಲ್ಲದು. ಅಕ್ಷರ ಇಲ್ಲದ್ದಕ್ಕೆ ‘ಡಬ್ಬಿ ಬೀಳುವುದು’ ಅಂತ ಬರೆದಿದ್ದೇನೆ, ಎಲ್ಲರೂ ಆಡುವ ಮಾತು. ಒತ್ತು ಹೀಗೆ ಕೂಡದೆ ನಿಲ್ಲುವುದಕ್ಕೆ ಅಚ್ಚಿನ ಮನೆಯವರು, ಡಿಟಿಪಿ ಮಾಡುವವರು ಏನಂತಾರೆ? ಅವರಲ್ಲಿ ಖಂಡಿತ ಒಂದು ಪದ ಇರಬೇಕು.

ಜೊತೆಗೆ, ಉತ್ತರ ಕರ್ನಾಟಕದವರು, ಕರಾವಳಿಯವರು ಚೌಕಾಬಾರದ ಖಾನೆಗೆ ಮನೆ ಅಂತಲೇ ಅನ್ನುತ್ತೀರಾ, ಬೇರೆ ಪದ ಇದೆಯಾ? ಅಕ್ಷದ ಮೇಲಿನ ಸಣ್ಣ ಗುರುತಿಗೆ ‘ಟಿಕ್’ ಅಂದರೆ ಸರಿ ಗುರುತು ಅಂದುಕೊಳ್ಳುತ್ತಾರೆ ಅಂತ ‘ಗೀಟು’ ಅಂದಿದ್ದೇನೆ, ಅದಕ್ಕೂ ಯಾರದ್ದಾದರೂ ತಕರಾರಿದ್ದರೆ ಈಗಲೇ ಹೇಳಿ.