ವಾರ್ಡಲ್ಲಿ ಮಗು ರೊಚ್ಚಿಗೆದ್ದಾಗ ಬಾಯಿಗೆ ಔಷಧಿಯೋ, ನೇರ ಸೂಜಿಯೋ?

ರಾತ್ರಿ ಡ್ಯೂಟಿ ಡಾಕ್ಟರ್: 9 ವರ್ಷದ ಹುಡುಗ, 28 ಕೆಜಿ. ಆಟಿಸಂ ಇದೆ, ಮಾತು ಬರಲ್ಲ. ಅಪೆಂಡಿಕ್ಸ್ ಆಪರೇಷನ್ ಆಗಿ ಎರಡನೇ ದಿನ, ಮಾರ್ಫಿನ್ ಹೋಗ್ತಿದೆ. ಎರಡು ಸಲ ಕ್ಯಾನುಲಾ (ರಕ್ತನಾಳಕ್ಕೆ ಹಾಕಿದ ಸಣ್ಣ ಕೊಳವೆ) ಕಿತ್ತ, ಒಬ್ಬರಿಗೆ ಕಚ್ಚಿದ. ನಾವಿರೋದು ಇಬ್ಬರೇ. ಅನುಭವ ಇರೋರು ಹೇಳಿ.

ಮಕ್ಕಳ ವಾರ್ಡ್ ಸಿಸ್ಟರ್: ಮೊದಲು ಕೋಣೆ, ಆಮೇಲೆ ಔಷಧಿ. ದೊಡ್ಡ ಲೈಟ್ ಆರಿಸಿ, ಕತ್ತರಿ, ಟ್ರೇ, ಖಾಲಿ ಡ್ರಿಪ್ ಸ್ಟ್ಯಾಂಡ್ ಎಲ್ಲಾ ಆಚೆಗಿಡಿ. ಕುತ್ತಿಗೆಯ ಸ್ಟೆತಸ್ಕೋಪ್, ಐಡಿ ದಾರ ತೆಗೀರಿ, ಅದನ್ನೇ ಮೊದಲು ಎಳೆಯೋದು. ತಾಯಿ ಒಬ್ಬರೇ ಮಾತಾಡಲಿ. "ಕೈ ಇಲ್ಲಿಡು" ಅಂತ ಚಿಕ್ಕದಾಗಿ ಹೇಳಿ, ಹತ್ತು ಎಣಿಸೋವರೆಗೂ ಸುಮ್ಮನಿರಬೇಕು. ನಾಲ್ಕು ಜನ ನಾಲ್ಕು ಕಡೆಯಿಂದ "ಏನಾಗಲ್ಲ ಪುಟ್ಟಾ" ಅಂದ್ರೆ ಮುಗೀತು ಕತೆ. ಹೊಸ ಕ್ಯಾನುಲಾ ಹಾಕಿದ್ರೆ ಕೈ ಬಾಗದ ಹಾಗೆ ಸ್ಪ್ಲಿಂಟ್ ಪಟ್ಟಿ ಕಟ್ಟಿ ಮೇಲೆ ಬ್ಯಾಂಡೇಜ್ ಸುತ್ತಿ, ಬೆರಳ ತುದಿ ಮಾತ್ರ ಕಾಣ್ತಿರಲಿ.

ಎಮರ್ಜೆನ್ಸಿ: ಲೈಟ್ ಆರಿಸಿದ್ರೆ ಕಚ್ಚೋದು ನಿಲ್ಲುತ್ತಾ ಸಿಸ್ಟರ್? ಶಾಂತ ಮಾಡೋ ಲೊರಾಜೆಪಾಮ್ ಕೆಜಿಗೆ 0.05 ಮಿಗ್ರಾಂ, ಅಂದ್ರೆ 1.4. ಒಂದು ಸಲಕ್ಕೆ 2 ದಾಟಬೇಡಿ. ಎಡವಟ್ಟಾಗೋದು ಎಲ್ಲಿ ಗೊತ್ತಾ? ಬಾಯಿಗೆ ಕೊಟ್ಟಿದ್ದು ಹಿಡಿಯೋಕೆ 20–30 ನಿಮಿಷ ಬೇಕು. ಹತ್ತು ನಿಮಿಷಕ್ಕೇ "ಕೆಲಸ ಮಾಡ್ಲಿಲ್ಲ" ಅಂತ ಸೂಜಿ ಚುಚ್ತಾರೆ. ಎರಡೂ ಒಟ್ಟಿಗೆ ಏರುತ್ತೆ, ಮೊದಲೇ ಮಾರ್ಫಿನ್ ಇದೆ, ಉಸಿರು ಇಳಿಯುತ್ತೆ. ಬೆರಳಿಗೆ ರಕ್ತದ ಆಕ್ಸಿಜನ್ ತೋರಿಸೋ ಸ್ಯಾಚುರೇಷನ್ ಪ್ರೋಬ್, ಪಕ್ಕದಲ್ಲಿ ಆಕ್ಸಿಜನ್, ಉಸಿರು ಕೊಡೋ ಮಾಸ್ಕ್-ಬ್ಯಾಗ್ ಇಲ್ಲದೆ ಕೊಡಲೇಬೇಡಿ.

ಮಕ್ಕಳ ಮನೋವೈದ್ಯೆ: ಆಟಿಸಂ ಇರೋ ಮಗುವಿಗೆ ಮೊದಲೇ ಬೆಂಜೋ (ಲೊರಾಜೆಪಾಮ್ ಜಾತಿಯ ಔಷಧಿ)? ಉಲ್ಟಾ ಹೊಡೆದು ಇನ್ನೂ ಕೆರಳೋದು ಇಂಥ ಮಕ್ಕಳಲ್ಲೇ. ನಿದ್ದೆ ತರಿಸೋ ಅಲರ್ಜಿ ಔಷಧಿ ಡೈಫೆನ್‌ಹೈಡ್ರಮೀನ್ ಕತೆಯೂ ಅದೇ. ಮನೇಲಿ ರೊಚ್ಚಿಗೆ ರಿಸ್ಪೆರಿಡೋನ್ ಮಾತ್ರೆ ತಗೋತಿದ್ನಾ? ಆಪರೇಷನ್‌ಗೆ ಉಪವಾಸ ಅಂತ ನಿಲ್ಲಿಸಿದ ಮಾತ್ರೆಯನ್ನ ಮತ್ತೆ ಬರೆಯೋದು ಎಲ್ಲರಿಗೂ ಮರೆತುಹೋಗುತ್ತೆ. ರೊಚ್ಚು ಇಳಿಸೋ ಹ್ಯಾಲೊಪೆರಿಡಾಲ್ ಯೋಚನೆ ಇದ್ರೆ ಚಾರ್ಟಲ್ಲಿ ವಾಂತಿ ತಡೆಯೋ ಒಂಡಾನ್ಸೆಟ್ರಾನ್ ಇದೆಯಾ ನೋಡಿ, ಎರಡೂ ಕ್ಯೂಟಿ (ಇಸಿಜಿಯಲ್ಲಿ ಕಾಣೋ ಒಂದು ಅಂತರ) ಎಳೆಯುತ್ತವೆ, ಹೃದಯದ ಲಯ ತಪ್ಪಬಹುದು. ಇಸಿಜಿ ಬೇಕೇ ಬೇಕು. ಕೊಟ್ಟಮೇಲೆ ಕೂತಲ್ಲಿ ಕೂರದೆ ಕಾಲಾಡಿಸ್ತಾ ಓಡಾಡಿದ್ರೆ ಅದು ಅಕತಿಸಿಯಾ, ಅಂದ್ರೆ ಔಷಧಿಯಿಂದಲೇ ಬರೋ ಚಡಪಡಿಕೆ ಇರಬಹುದು. ರೊಚ್ಚು ಅಂದ್ಕೊಂಡು ಇನ್ನೊಂದು ಡೋಸ್ ಕೊಟ್ರೆ ಹೆಚ್ಚಾಗುತ್ತೆ.

ಎಮರ್ಜೆನ್ಸಿ: ಒದೀತಿರೋ ಮಗುವಿಗೆ ಇಸಿಜಿ ಲೀಡ್ ಅಂಟಿಸಿ ತೋರಿಸಿ ಮೇಡಂ, ನೋಡೋಣ.

ಮಕ್ಕಳ ಮನೋವೈದ್ಯೆ: ಅಡ್ಮಿಷನ್ ದಿನ ಶಾಂತವಾಗಿದ್ದಾಗಲೇ ತೆಗೀಬೇಕಿತ್ತು. ನಿಮ್ಮ ಕಡೆಯಿಂದ ಬರೋ ಒಂದು ಕೇಸ್ ಶೀಟಲ್ಲೂ ಇರಲ್ಲ. ಓಲಾಂಜಪಿನ್ (ಇದೂ ರೊಚ್ಚು ಇಳಿಸೋ ಔಷಧಿ) ಸೂಜಿ, ಲೊರಾಜೆಪಾಮ್ ಸೂಜಿ ಬೆನ್ನಿಗೆ ಬೆನ್ನು ಕೊಟ್ಟು ಕಳಿಸ್ತೀರಿ. ನಡುವೆ ಒಂದು ಗಂಟೆಯಾದ್ರೂ ಬೇಕು.

ಅನಸ್ತೇಶಿಯಾ: ಮತ್ತು ಬರಿಸೋ ಅನಿಲ ಸೆವೊಫ್ಲುರೇನ್ ಬಿಟ್ಟೇಳುವಾಗಿನ ಡೆಲಿರಿಯಂ (ಬುದ್ಧಿ ಗೊಂದಲ) ಯಾರೂ ಹೇಳಲಿಲ್ಲ. ಕಣ್ಣಲ್ಲಿ ಕಣ್ಣಿಡಲ್ಲ, ತಾಯಿಯ ಗುರುತೂ ಸಿಗಲ್ಲ. ಆಪರೇಷನ್ ಕೊನೆಯಲ್ಲಿ ಮತ್ತಿನ ಔಷಧಿ ಪ್ರೊಪೊಫಾಲ್ ಕೆಜಿಗೆ 1 ಮಿಗ್ರಾಂ ಕೊಟ್ರೆ ಈ ಡೆಲಿರಿಯಂ ಬರೋದು ಬಹಳ ಕಡಿಮೆ.

ಮಕ್ಕಳ ವಾರ್ಡ್ ಸಿಸ್ಟರ್: ಅದು ಅರ್ಧ ಗಂಟೆಯ ಆಟ ಸರ್. ಎರಡನೇ ದಿನ ಅಂತ ಬರೆದಿದ್ದಾರೆ, ಓದಿದ್ರಾ?

ವಾರ್ಡ್ ಇನ್‌ಚಾರ್ಜ್: ಹಿಡಿಯೋಕೆ ಐದು ಜನ ಬೇಕು, ಕೈಕಾಲಿಗೆ ಒಬ್ಬೊಬ್ಬರು, ತಲೆಗೆ ಒಬ್ಬರು. ಇಬ್ಬರೇ ಇದ್ದಾಗ ಹಿಡಿಯೋಕೆ ಹೋಗಬೇಡಿ. ಬೋರಲು ಹಾಕಿ ಬೆನ್ನ ಮೇಲೆ ಒರಗೋದಂತೂ ಯಾವ ಕಾಲಕ್ಕೂ ಬೇಡ, ಉಸಿರು ಕಟ್ಟುತ್ತೆ. ಕಟ್ಟಲೇಬೇಕಾಗಿ ಬಂದ್ರೆ ಎಳೆದರೆ ಬಿಚ್ಚೋ ಗಂಟು, ಅದೂ ಮಂಚದ ಫ್ರೇಮ್‌ಗೆ, ಸೈಡ್ ರೇಲ್‌ಗಲ್ಲ. ರೇಲ್ ಇಳಿಸಿದ್ರೆ ಕೈ ತಿರುಚುತ್ತೆ. 15 ನಿಮಿಷಕ್ಕೊಮ್ಮೆ ಬೆರಳ ಬಣ್ಣ, ಬಿಸಿ ನೋಡಿ ಬರೆಯಬೇಕು. ಅಂದ್ರೆ ಒಬ್ಬರು ಅಲ್ಲೇ ಕೂತ ಹಾಗೆ, ಉಳಿದ ಮಂಚಗಳಿಗೆ ಒಬ್ಬರೇ. ಈ ಲೆಕ್ಕ ಡಾಕ್ಟರ್‌ಗಳು ಹಾಕಲ್ಲ.

ಮಕ್ಕಳ ವಾರ್ಡ್ ಸಿಸ್ಟರ್: ಮೂತ್ರ ಯಾವಾಗ ಹೋಯ್ತು ಅಂತ ಒಬ್ಬರಾದ್ರೂ ಕೇಳಿದ್ರಾ? ಮಾರ್ಫಿನ್ ಮೂತ್ರ ಕಟ್ಟಿಸುತ್ತೆ. ಮೂತ್ರಚೀಲ ಎಷ್ಟು ಮಿಲಿ ಹಿಡಿಯುತ್ತೆ ಅನ್ನೋಕೆ ವಯಸ್ಸಿಗೆ ಒಂದು ಸೇರಿಸಿ 30ರಿಂದ ಗುಣಿಸಿ. ಈ ಹುಡುಗನ ಚೀಲ ಹಿಡಿಯೋದೇ ಸುಮಾರು 300 ಮಿಲಿ. ನೋವಿದೆಯಾ ಅಂತ ಮುಖ, ಕಾಲು, ಚಟುವಟಿಕೆ, ಅಳು, ಸಮಾಧಾನ ಐದಕ್ಕೂ 0ಯಿಂದ 2 ಅಂಕ ಹಾಕಿ, ತಾಯಿ ಹೇಳಿದ್ದನ್ನೂ ಸೇರಿಸಿ ನೋಡಿ. ಪ್ಯಾರಸಿಟಮಾಲ್ ಕೆಜಿಗೆ 15 ಮಿಗ್ರಾಂ ಲೆಕ್ಕದಲ್ಲಿ 420 ಮಿಗ್ರಾಂ, 6 ಗಂಟೆಗೊಮ್ಮೆ ಸರಿಯಾಗಿ ಹೋಗ್ತಿದೆಯಾ?

ರಾತ್ರಿ ಡ್ಯೂಟಿ ಡಾಕ್ಟರ್: ಚಾರ್ಟಲ್ಲಿ ಮೂತ್ರ ಮಧ್ಯಾಹ್ನ 2ಕ್ಕೆ. ಆಮೇಲಿನ ಕಾಲಂ ಖಾಲಿ. ಹೊಟ್ಟೆ ಮುಟ್ಟಿ ನೋಡ್ತೀನಿ.

ಎಮರ್ಜೆನ್ಸಿ: ನೋಡಿ. ಲೊರಾಜೆಪಾಮ್ ಸಿರಿಂಜ್‌ಗೆ ಲೇಬಲ್ ಹಚ್ಚಿ ಪಕ್ಕದಲ್ಲಿ ಇಟ್ಕೊಂಡೇ ನೋಡಿ.

ಮಕ್ಕಳ ಮನೋವೈದ್ಯೆ: ಮತ್ತೆ ಶುರು.