ಕೊಲಂಬಿಯಾ ಕಣಿವೆಯ ಜಲಪಾತದ ರಸ್ತೆ: ಅಮ್ಮನ ಜೊತೆ ಹೋಗಬಹುದಾ?

ಜಯನಗರದಿಂದ:
ಜುಲೈನಲ್ಲಿ ಅಮ್ಮನನ್ನು ಕರೆದುಕೊಂಡು ಅಮೆರಿಕದ ಪೋರ್ಟ್‌ಲ್ಯಾಂಡಿಗೆ, ಅಕ್ಕನ ಮನೆಗೆ ಹೋಗುತ್ತಿದ್ದೇನೆ. ಅಲ್ಲಿ ಕೊಲಂಬಿಯಾ ನದಿ ಕಣಿವೆಯ ಹಳೇ ಹೈವೇ ಚೆನ್ನಾಗಿದೆಯಂತೆ. ಭಾವ ಮಾತ್ರ ಫ್ರೀವೇ ಹಿಡಿದು ಮಲ್ಟ್‌ನೋಮಾ ಜಲಪಾತ ಒಂದು ನೋಡಿಕೊಂಡು ಬರೋಣ, ಅಷ್ಟೇ ಸಾಕು ಅಂತಾರೆ. ಅಮ್ಮನಿಗೆ ಮಂಡಿನೋವು, ಜಾಸ್ತಿ ಹತ್ತಿ ಇಳಿಯೋಕೆ ಆಗಲ್ಲ. ಬೇಸಿಗೆಯಲ್ಲಿ ನೀರಾದರೂ ಇರುತ್ತಾ? ಜೋಗ ನೋಡಿದವರಿಗೆ ಸಪ್ಪೆ ಅನ್ನಿಸಲ್ವಾ?

ರಾಜಾಜಿನಗರದಿಂದ:
ಕೆಲಸದ ಮೇಲೆ ಪೋರ್ಟ್‌ಲ್ಯಾಂಡ್ ಪಕ್ಕದ ಹಿಲ್ಸ್‌ಬರೋದಲ್ಲಿದ್ದೆ, ಊರಿಂದ ಯಾರೇ ಬಂದರೂ ಮೊದಲು ಕರೆದುಕೊಂಡು ಹೋಗುತ್ತಿದ್ದದ್ದು ಅಲ್ಲಿಗೇ. ದಯವಿಟ್ಟು ಭಾವನ ಮಾತು ಕೇಳಬೇಡಿ. ಫ್ರೀವೇ ಕೆಳಗೆ ನದಿ ಪಕ್ಕ ಸುಮ್ನೆ ಓಡುತ್ತೆ, ಮಜಾ ಇರೋದು ಮೇಲಿನ ರಸ್ತೆಯಲ್ಲಿ. 1913ರಲ್ಲಿ ಶುರುವಾಗಿ 1922ಕ್ಕೆ ಮುಗಿದ ರಸ್ತೆ ಅದು. ಸ್ಯಾಮ್ಯುಯೆಲ್ ಲ್ಯಾಂಕಾಸ್ಟರ್ ಅನ್ನೋ ಇಂಜಿನಿಯರ್ ಏರು ಎಲ್ಲೂ ಶೇ. 5 ದಾಟಬಾರದು ಅಂತ ಹಟ ಹಿಡಿದು ಕಟ್ಟಿಸಿದ. ಹಾಗಾಗಿ ತಿರುವು ಬೇಕಾದಷ್ಟಿದ್ದರೂ ಆಗುಂಬೆ ಘಾಟಿಯ ಥರ ಹೊಟ್ಟೆ ತೊಳಸಲ್ಲ. ಟ್ರೌಟ್‌ಡೇಲ್‌ನಿಂದ ಹತ್ತಿ, ಗುಡ್ಡದ ಅಂಚಿನ ವೀಕ್ಷಣಾ ಕಟ್ಟಡ ವಿಸ್ಟಾ ಹೌಸ್‌ನಲ್ಲಿ ನಿಲ್ಲಿಸಿ. ನದಿಯಿಂದ 733 ಅಡಿ ಮೇಲೆ ನಿಂತು ಇಡೀ ಕಣಿವೆ ನೋಡಬಹುದು. ಗಾಳಿ ಮಾತ್ರ ವಿಪರೀತ, ಅಮ್ಮನಿಗೆ ಸ್ವೆಟರ್ ಇರಲಿ, ಸೀರೆ ಉಟ್ಟಿದ್ದರೆ ಸೆರಗು ಸಿಕ್ಕಿಸಿಕೊಳ್ಳೋಕೆ ಹೇಳಿ. ಟಾಯ್ಲೆಟ್ ಅಲ್ಲೇ ಇದೆ.

ಸಾಗರದವ, ಈಗ ವಿಜಯನಗರ:
ಜೋಗದ ಊರಿನ ಕಡೆಯವನಾಗಿ ಹೇಳುತ್ತೇನೆ, ಎತ್ತರದಲ್ಲಿ ನಮ್ಮದೇ ಮೇಲು. ಜೋಗ 253 ಮೀಟರ್, ಮಲ್ಟ್‌ನೋಮಾ 189. ಆದರೆ ಲಿಂಗನಮಕ್ಕಿ ಕಟ್ಟಿದ ಮೇಲೆ ನಮ್ಮಲ್ಲಿ ಬೇಸಿಗೆಗೆ ಬರೀ ಬಂಡೆ ನೋಡಬೇಕು, ಅಲ್ಲಿ ಒರತೆ ನೀರೂ ಸೇರೋದರಿಂದ ವರ್ಷವಿಡೀ ಹರಿಯುತ್ತೆ. ಜುಲೈನಲ್ಲಿ ಸ್ವಲ್ಪ ತೆಳ್ಳಗಿರುತ್ತೆ, ಅಷ್ಟೇ. ನನಗೆ ಜಾಸ್ತಿ ಇಷ್ಟವಾಗಿದ್ದು ಲಟೋರೆಲ್: ಕಂಬ ಜೋಡಿಸಿಟ್ಟ ಹಾಗಿರೋ ಕಪ್ಪು ಬಸಾಲ್ಟ್ ಕಲ್ಲು, ಅದರ ಮೇಲೆ ಕಣ್ಣು ಕುಕ್ಕೋ ಹಳದಿ ಕಲ್ಲುಹೂವು, ಮಧ್ಯೆ ಒಂದೇ ನೇರ ಧಾರೆ. ನೋಡೋಕೆ ಸ್ವಲ್ಪ ಏರು ಹತ್ತಬೇಕು, ಅಮ್ಮನ ಮಂಡಿ ನೋಡಿಕೊಂಡು ತೀರ್ಮಾನಿಸಿ.

ಜಯನಗರದಿಂದ:
ಥ್ಯಾಂಕ್ಸ್! ಕಾರಿಂದ ಇಳಿದ ಕೂಡಲೇ ಕಾಣೋದು ಯಾವುದು? ಪರ್ಮಿಟ್ ಏನೋ ಬೇಕಂತಲ್ಲ?

ರಾಜಾಜಿನಗರದಿಂದ:
ಹಾರ್ಸ್‌ಟೇಲ್. ರಸ್ತೆ ಪಕ್ಕದಲ್ಲೇ ಬೀಳುತ್ತೆ, ಹನಿ ಮುಖಕ್ಕೇ ಬರುತ್ತೆ. ವಾಕೀನಾ ಕೂಡ ರಸ್ತೆಯಿಂದಲೇ ಕಾಣುತ್ತೆ. ಮಲ್ಟ್‌ನೋಮಾದಲ್ಲಿ 1925ರ ಕಲ್ಲಿನ ಲಾಡ್ಜ್ ಇದೆ, ಅದರ ಮುಂದೆ ಕೂತರೆ ಮೇಲಿನದು, ಕೆಳಗಿನದು ಎರಡೂ ಧುಮುಕು ಕಾಣುತ್ತೆ. ನೀವು ಬೇಕಾದರೆ ಮೇಲಿನ ಬೆನ್ಸನ್ ಸೇತುವೆವರೆಗೆ ಹೋಗಿ ಬನ್ನಿ. ಪರ್ಮಿಟ್ ಬೇಕಾಗೋದು ಫ್ರೀವೇ ಕಡೆಯ ಪಾರ್ಕಿಂಗಿಗೆ: ಈಚಿನ ವರ್ಷಗಳಲ್ಲಿ ಮೇ ಕೊನೆಯಿಂದ ಸೆಪ್ಟೆಂಬರ್ ಮೊದಲ ವಾರದವರೆಗೆ, ಬೆಳಿಗ್ಗೆ 9ರಿಂದ ಸಂಜೆ 6. ಹೊರಡೋ ಮುಂಚೆ ಆ ವರ್ಷದ ನಿಯಮ ಒಮ್ಮೆ ನೋಡಿಕೊಳ್ಳಿ. ಹಳೇ ರಸ್ತೆಯ ಪಾರ್ಕಿಂಗ್ ಚಿಕ್ಕದು, ಬೇಗ ತುಂಬುತ್ತೆ. ಶನಿವಾರ ಭಾನುವಾರ ಬಿಟ್ಟು, ಮನೆಯಿಂದ ಏಳು ಗಂಟೆಗೇ ಹೊರಡಿ. ವಾಪಸ್ ಬರುವಾಗ ಭಾವನ ಫ್ರೀವೇ ಹಿಡಿಯಿರಿ, ಅವರಿಗೂ ಖುಷಿ.