ಸಹಾಯ ಬೇಕು: ಎಸ್‌ಎಸ್‌ಆರ್‌ಎಸ್ ಸಬ್‌ಸ್ಕ್ರಿಪ್ಷನ್‌ಗೆ ಒಂದಕ್ಕಿಂತ ಹೆಚ್ಚು ತೋಟಗಳ ಪ್ಯಾರಾಮೀಟರ್ ಕೊಡುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಎಸ್‌ಎಸ್‌ಆರ್‌ಎಸ್ (ಮೈಕ್ರೋಸಾಫ್ಟ್ ಎಸ್‌ಕ್ಯೂಎಲ್ ಸರ್ವರ್‌ನ ವರದಿ ಸೇವೆ) ಬಳಸುತ್ತಿದ್ದೇನೆ; ಅದರಲ್ಲಿ ವರದಿಯನ್ನು ನಿಗದಿತ ಸಮಯಕ್ಕೆ ತಾನಾಗಿ ಕಳಿಸುವ ವ್ಯವಸ್ಥೆಯೇ ಸಬ್‌ಸ್ಕ್ರಿಪ್ಷನ್. ಮಡಿಕೇರಿ, ಸೋಮವಾರಪೇಟೆ, ಪೊನ್ನಂಪೇಟೆ ಕಡೆಯ ಕಾಫಿ ತೋಟಗಳ ಮಳೆ ಲೆಕ್ಕ (ಇಂಚು, ಸೆಂಟ್ ಅಂದರೆ ಇಂಚಿನ ನೂರನೇ ಒಂದು ಭಾಗ) ಪ್ರತಿದಿನ ಬೆಳಿಗ್ಗೆ 9ಕ್ಕೆ ಮಾಲೀಕರ ಮೇಲ್‌ಗೆ ಹೋಗಬೇಕು. ಎಂಟರ್‌ಪ್ರೈಸ್ ಆವೃತ್ತಿ ಇರುವುದರಿಂದ ಡೇಟಾ ಡ್ರಿವನ್ ಸಬ್‌ಸ್ಕ್ರಿಪ್ಷನ್ (ಯಾರಿಗೆ, ಯಾವ ಮೌಲ್ಯಗಳೊಂದಿಗೆ ಕಳಿಸಬೇಕೆಂಬುದನ್ನು ಕ್ವೆರಿಯಿಂದ ತರುವ ಬಗೆ) ಸಿಗುತ್ತದೆ. ನಿಗದಿತ ಕೆಲಸಗಳನ್ನು ನಡೆಸುವ ಏಜೆಂಟ್ ಸರ್ವೀಸ್ ಓಡುತ್ತಿದೆ, ಡೇಟಾ ಸೋರ್ಸ್‌ನಲ್ಲಿ ಪಾಸ್‌ವರ್ಡ್ ಉಳಿಸಿದೆ.

ದಿನಾಂಕದ ಸಮಸ್ಯೆ ಬಗೆಹರಿದಿದೆ. ಸಬ್‌ಸ್ಕ್ರಿಪ್ಷನ್‌ನಲ್ಲಿ ದಿನಾಂಕ ಟೈಪ್ ಮಾಡಿದರೆ ಅದೇ ಅಚ್ಚಾಗಿ ಉಳಿದು ದಿನಾ ಒಂದೇ ವರದಿ ಬರುತ್ತದೆ. ಅದಕ್ಕೇ ರಿಪೋರ್ಟ್‌ನಲ್ಲೇ ನಿನ್ನೆ 8.30ರಿಂದ ಇವತ್ತು 8.30ರವರೆಗೆ ಎಂದು ಡೀಫಾಲ್ಟ್ ಎಕ್ಸ್‌ಪ್ರೆಷನ್ ಬರೆದು, ಸಬ್‌ಸ್ಕ್ರಿಪ್ಷನ್‌ನಲ್ಲಿ ಡೀಫಾಲ್ಟ್ ಬಳಸಲು ಹೇಳಿದೆ.

ತೊಡಕು ತೋಟದ ಪ್ಯಾರಾಮೀಟರ್‌ನದು. ಯಾವ ತೋಟದ ವರದಿ ಬೇಕೆಂದು ಹೇಳುವ ಅದು ಮಲ್ಟಿ ವ್ಯಾಲ್ಯೂ, ಅಂದರೆ ಒಂದಕ್ಕಿಂತ ಹೆಚ್ಚು ಮೌಲ್ಯ ತೆಗೆದುಕೊಳ್ಳುತ್ತದೆ. ಕ್ವೆರಿಯ ಒಂದು ಸಾಲಿಗೆ ಒಂದು ಮೇಲ್. ಮೂರು ತೋಟ ಇರುವವರಿಗೆ ಮೂರು ಮೇಲ್ ಹೋಗುತ್ತವೆ. ತೋಟಗಳ ಐಡಿಗಳನ್ನು '12,15,31' ಎಂದು ಒಂದೇ ಕಾಲಂನಲ್ಲಿ ಕೊಟ್ಟರೆ ಅದನ್ನು ಒಂದೇ ಮೌಲ್ಯ ಎಂದುಕೊಂಡು, ಪಟ್ಟಿಯಲ್ಲಿಲ್ಲವೆಂದು ತಿರಸ್ಕರಿಸುತ್ತದೆ.

ಎರಡು ದಾರಿ ಕಾಣುತ್ತಿದೆ. ಅಡಗಿಸಿದ ಟೆಕ್ಸ್ಟ್ ಪ್ಯಾರಾಮೀಟರ್ ಇಟ್ಟು, ಪ್ರೊಸೀಜರ್‌ನಲ್ಲಿ STRING_SPLIT ಫಂಕ್ಷನ್‌ನಿಂದ ಆ ಪಟ್ಟಿಯನ್ನು ಬಿಡಿಬಿಡಿ ಮಾಡುವುದು (ಎಸ್‌ಕ್ಯೂಎಲ್ ಸರ್ವರ್ 2016 ಅಥವಾ ನಂತರದ ಆವೃತ್ತಿ, ಡೇಟಾಬೇಸ್‌ನ ಕಂಪ್ಯಾಟಿಬಿಲಿಟಿ ಮಟ್ಟ ಕನಿಷ್ಠ 130 ಬೇಕು). ಇಲ್ಲವೇ ಮಾಲೀಕರ ಐಡಿ ಮಾತ್ರ ಕಳಿಸಿ, ತೋಟಗಳ ಡೀಫಾಲ್ಟ್ ಅನ್ನು ಆ ಐಡಿ ಮೇಲಿನ ಡೇಟಾಸೆಟ್‌ನಿಂದ ತರುವುದು. ನನಗೆ ಎರಡನೆಯದೇ ಶುದ್ಧ ಅನಿಸುತ್ತದೆ.

ಸಬ್‌ಸ್ಕ್ರಿಪ್ಷನ್ ಓಡುವಾಗ ಈ ಡೀಫಾಲ್ಟ್ ಪ್ರತಿ ಸಾಲಿಗೂ ಹೊಸದಾಗಿ ಲೆಕ್ಕವಾಗುತ್ತದೆಯೇ? ಮಾಡಿ ನೋಡಿದವರು ದಯವಿಟ್ಟು ತಿಳಿಸಿ.